ಗದೆ ಹೋಗಿ ಬಂದ ದಾರಿ

ಬೆಳಗಿನ ಆರೂವರೆಗೆ ಚೀಲ ಹಿಡಿದು ಜಯನಗರದ ನಾಲ್ಕನೆಯ ಬ್ಲಾಕಿನ ಕಡೆಗೆ ತರಕಾರಿಗೆಂದು ಹೊರಡುವುದು ನನ್ನ ಹಳೆಯ ಅಭ್ಯಾಸ. ಆ ದಾರಿಯ ಒಂದು ಕಟ್ಟಡದ ನೆಲಮಾಳಿಗೆಯಿಂದ ಧಡ್ ಧಡ್ ಎಂಬ ಸದ್ದೂ, ಅದರ ಹಿಂದೆಯೇ ಜೋರಾದ ಸಂಗೀತವೂ ಕೇಳಿಬರುತ್ತವೆ. ಬಹುದಿನ ಅದನ್ನು ಲಕ್ಷ್ಯಕ್ಕೆ ತಂದುಕೊಳ್ಳದೆ ನಡೆದವನು, ಒಂದು ದಿನ ಕುತೂಹಲ ತಡೆಯಲಾರದೆ ಮೆಟ್ಟಿಲಿಳಿದು ನೋಡಿದೆ. ಜಿಮ್ ಎಂದರೆ ಯಂತ್ರಗಳ ಸಾಲೆಂದು ತಿಳಿದಿದ್ದವನಿಗೆ ಅಲ್ಲಿ ಯಂತ್ರವೇ ಕಾಣಲಿಲ್ಲ. ರಬ್ಬರು ಹಾಸಿದ ಬರಿಯ ನೆಲ, ಒಂದು ಲಾರಿಯ ಟೈರು, ಗೋಡೆಗೆ ಬಿಗಿದ ತೋಳು ಗಾತ್ರದ ಹಗ್ಗಗಳು, ಮರದ ಪೆಟ್ಟಿಗೆಗಳು, ಹಿಡಿಯಿರುವ ಕಬ್ಬಿಣದ ಗುಂಡುಗಳು. ಗೋಡೆಯ ಮೇಲೆ ಕೆಂಪು ಅಂಕಿಗಳ ಗಡಿಯಾರವೊಂದು ಹಿಂದುಮುಂದಾಗಿ ಓಡುತ್ತಿತ್ತು. ಹತ್ತು ಹನ್ನೆರಡು ಜನ, ಅವರಲ್ಲಿ ಅರ್ಧದಷ್ಟು ಹೆಣ್ಣುಮಕ್ಕಳು, ಬೆವರಿನಲ್ಲಿ ತೊಯ್ದು ಏಳುತ್ತ ಕುಳಿತುಕೊಳ್ಳುತ್ತ ಇದ್ದರು. ಮೂಲೆಯಲ್ಲಿ ಒಬ್ಬ ಹುಡುಗ, ತುದಿಯಲ್ಲಿ ಗುಂಡಿರುವ ಉದ್ದನೆಯ ಕಬ್ಬಿಣದ ಸಲಾಕೆಯೊಂದನ್ನು ಹೆಗಲ ಹಿಂದಿನಿಂದ ಸುತ್ತಿಸಿ ತಿರುಗಿಸುತ್ತಿದ್ದ.

“ಏನಪ್ಪಾ ಇದು, ಗದೆಯಲ್ಲವೇ?” ಎಂದು ಅಲ್ಲಿನ ಶಿಕ್ಷಕನನ್ನು ಕೇಳಿದೆ.

“ಅಲ್ಲ ಅಂಕಲ್, ಇದು ಸ್ಟೀಲ್ ಮೇಸ್. ಫಾರಿನ್ನಲ್ಲಿ ಈಗ ಇದೇ ನಡೀತಿರೋದು. ಫಂಕ್ಷನಲ್ ಟ್ರೈನಿಂಗ್ ಅಂತಾರೆ,” ಎಂದ ಆತ, ಬಹಳ ವಿನಯದಿಂದಲೇ.

ನಾನು ವಾದಕ್ಕೆ ಹೋಗಲಿಲ್ಲ. ಒಂದೊಂದು ಸ್ನಾಯುವಿಗೂ ಒಂದೊಂದು ಯಂತ್ರವನ್ನು ಹುಡುಕುವ ಬದಲು, ಬದುಕಿನಲ್ಲಿ ಮೈ ಮಾಡುವ ಕೆಲಸಗಳನ್ನೇ, ಎಂದರೆ ಎತ್ತುವುದು, ಎಳೆಯುವುದು, ಕುಕ್ಕರಿಸಿ ಏಳುವುದು, ಹೊರುವುದು, ಎಸೆಯುವುದು, ಇವನ್ನೇ ವ್ಯಾಯಾಮ ಮಾಡಿಕೊಳ್ಳುವುದು ಈ ಪದ್ಧತಿಯ ತಿರುಳು. ಅದನ್ನು ಅಲ್ಪಕಾಲದಲ್ಲಿ, ಏದುಸಿರು ಬರುವಷ್ಟು ತೀವ್ರವಾಗಿ ಮಾಡಬೇಕೆಂಬುದು ಅದರ ಇನ್ನೊಂದು ಮುಖ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಗ್ರೆಗ್ ಗ್ಲಾಸ್‌ಮನ್ ಎಂಬಾತ 2000ರಲ್ಲಿ ಕ್ರಾಸ್‌ಫಿಟ್ ಎಂಬ ಸಂಸ್ಥೆಯನ್ನು ಕಟ್ಟಿದ ಮೇಲೆ ಇದು ಲೋಕಪ್ರಸಿದ್ಧವಾಯಿತು, ಈಗ ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳಲ್ಲಿಯೂ ನೆಲೆಯೂರಿದೆ. ಇದೆಲ್ಲ ನಿಜ. ಆದರೆ ಗದೆಯನ್ನು ವಿದೇಶದ್ದೆಂದು ಬೆಂಗಳೂರಿನವನೊಬ್ಬನು ಬೆಂಗಳೂರಿನವನಿಗೇ ಹೇಳಬೇಕಾಗಿ ಬಂದುದು ಹೇಗೆಂಬ ಪ್ರಶ್ನೆ ಮನೆಗೆ ಬಂದ ಮೇಲೂ ನನ್ನನ್ನು ಬಿಡಲಿಲ್ಲ.

ಇಂಥ ಅಂಗಸಾಧನೆಯ ವಿಷಯವಾಗಿ ಕನ್ನಡನಾಡಿನ ಹಳೆಯ ಸಾಕ್ಷಿ ಕಲ್ಯಾಣದ ಚಾಳುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನದು. ಹನ್ನೆರಡನೆಯ ಶತಮಾನದಲ್ಲಿ ಅವನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಸನ ವಿನೋದಗಳನ್ನು ವರ್ಣಿಸುವಾಗ ಮಲ್ಲವಿನೋದಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ಮಲ್ಲರಲ್ಲಿ ತರತಮ, ಅವರ ಊಟ, ಪಟ್ಟುಗಳು, ಎಲ್ಲವೂ ಅಲ್ಲಿ ಬರುತ್ತವೆ. ನನಗೆ ಮುಖ್ಯವಾಗಿ ಕಂಡದ್ದು ಅವನು ಹೇಳುವ ‘ಶ್ರಮ’ಗಳು. ಭಾರ ಎತ್ತುವುದು ಭಾರಶ್ರಮ, ತಿರುಗಾಟ ಭ್ರಮಣಶ್ರಮ, ಈಜು ಸಲಿಲಶ್ರಮ, ಕಂಬದ ಮೇಲಿನ ಸಾಧನೆ ಸ್ತಂಭಶ್ರಮ. ಒಂದು ದಿನ ಭಾರ, ಒಂದು ದಿನ ಓಟ, ಒಂದು ದಿನ ಹಗ್ಗ ಎಂದು ಗೋಡೆಯ ಮೇಲೆ ಬರೆದಿಡುವ ಇಂದಿನ ಶಿಕ್ಷಕನಿಗೆ ಈ ಪಟ್ಟಿಯನ್ನು ತೋರಿಸಿದರೆ ಅವನಿಗೆ ಹೊಸದೇನೂ ಕಾಣಲಾರದು.

ಅರಮನೆಯಿಂದ ಊರಿಗೆ ಬಂದರೆ ಗರಡಿ. ಮೈಸೂರಿನಲ್ಲಿ ದಸರೆಯ ವಜ್ರಮುಷ್ಟಿ ಕಾಳಗದ ಜಟ್ಟಿಗಳಿದ್ದಂತೆ, ಬೆಂಗಳೂರಿನ ಪೇಟೆಯಲ್ಲಿ ಕರಗದ ವೀರಕುಮಾರರೊಡನೆ ನಂಟುಳ್ಳ ಗರಡಿಗಳಿದ್ದವು. ತಗ್ಗಾದ ಬಾಗಿಲು, ಒಳಗೆ ಕೆಮ್ಮಣ್ಣಿನ ಮಟ್ಟಿ, ಗೋಡೆಯಲ್ಲಿ ಹನುಮಂತ. ಸಾಮಿಗೆ ದಂಡ, ಬಸ್ಕಿ, ಲೋಡು, ಗದೆ, ಕಲ್ಲುಗುಂಡು. ಹೆಂಗಸರಿಗೆ ಒಳಗೆ ಹೆಜ್ಜೆಯಿಡುವಂತಿರಲಿಲ್ಲ ಎಂಬುದನ್ನೂ ಹೇಳಿಬಿಡಬೇಕು. ಆ ಮಟ್ಟಿಗೆ ಜಯನಗರದ ನೆಲಮಾಳಿಗೆಯೇ ಮೇಲು. ಹೊಸಬನು ಬಂದ ದಿನವೇ ಕುಸ್ತಿಗೆ ಇಳಿಯುವಂತಿರಲಿಲ್ಲ. ಮಣ್ಣು ಅಗೆದು ಹದಮಾಡುವುದೇ ಅವನ ಮೊದಲ ವ್ಯಾಯಾಮ. ಹುಡುಗನ ಉಸಿರು, ಮುಖದ ಬಣ್ಣ, ನಡುಗುವ ತೊಡೆ ಇವುಗಳನ್ನು ನೋಡುತ್ತ ವಸ್ತಾದರು ಸಂಖ್ಯೆಯನ್ನು ಏರಿಸುತ್ತಿದ್ದರು.

ಈ ಲೋಡು, ಗದೆಗಳು ಸೀಮೆಗೆ ಪ್ರಯಾಣ ಮಾಡಿದ ಕಥೆ ಸ್ವಾರಸ್ಯವಾದುದು. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಇಲ್ಲಿನ ದಂಡುಗಳಲ್ಲಿದ್ದ ಇಂಗ್ಲಿಷ್ ಅಧಿಕಾರಿಗಳು ಸಿಪಾಯಿಗಳು ಲೋಡು ತಿರುಗಿಸುವುದನ್ನು ನೋಡಿ ಮೆಚ್ಚಿ ಅದನ್ನು ತಮ್ಮ ದೇಶಕ್ಕೆ ಒಯ್ದರು. 1834ರಲ್ಲಿ ಡೊನಾಲ್ಡ್ ವಾಕರ್ ಎಂಬಾತ ತನ್ನ ವ್ಯಾಯಾಮಗ್ರಂಥದಲ್ಲಿ ಅದಕ್ಕೆ ಸ್ಥಾನ ಕೊಟ್ಟ. 1860ರ ದಶಕಕ್ಕೆ ಅದು ಅಮೆರಿಕವನ್ನು ಮುಟ್ಟಿತ್ತು. ‘ಇಂಡಿಯನ್ ಕ್ಲಬ್’ ಎಂದೇ ಅದಕ್ಕೆ ಹೆಸರಾಯಿತು. 1904ರ ಮತ್ತು 1932ರ ಒಲಿಂಪಿಕ್ ಪಂದ್ಯಗಳಲ್ಲಿ ಲೋಡು ತಿರುಗಿಸುವುದೇ ಒಂದು ಸ್ಪರ್ಧೆಯಾಗಿತ್ತೆಂದರೆ ಈಗ ನಂಬುವುದು ಕಷ್ಟ. ಇತ್ತ ನಮ್ಮ ಓದಿದ ಜನರಿಗೆ ಗರಡಿ ಪುಂಡರ ಮನೆಯಾಗಿ ಕಾಣತೊಡಗಿತು. ಮೈ ಬೆಳೆಸುವವನಿಗೆ ಬುದ್ಧಿ ಬೆಳೆಯದು ಎಂಬ ಮಾತು ನಮ್ಮ ಮನೆಗಳಲ್ಲಿ ನಾನೇ ಕೇಳಿ ಬೆಳೆದದ್ದು.

ಈ ಬಿರುಕನ್ನು ಮುಚ್ಚಿದ ಮಹನೀಯರೊಬ್ಬರು ಬೆಂಗಳೂರಿನಲ್ಲಿಯೇ ಇದ್ದರು. ಜಯನಗರದಿಂದ ಸೌತ್ ಎಂಡ್ ವೃತ್ತವನ್ನು ದಾಟಿ, ಲಾಲ್‌ಬಾಗಿನ ಪಶ್ಚಿಮ ದ್ವಾರವನ್ನು ಬಲಕ್ಕೆ ಬಿಟ್ಟು, ಮಿನರ್ವ ವೃತ್ತದಿಂದ ಮುಂದೆ ಹೋದರೆ ಸಿಗುವುದು ಜೆ.ಸಿ. ರಸ್ತೆ. 1948ರ ಆಗಸ್ಟ್ 20ರಂದು ರಾಜಾಜಿಯವರು ಅಸ್ತಿಭಾರವಿಟ್ಟ ಜಯನಗರಕ್ಕೂ ಈ ರಸ್ತೆಗೂ ಜಯಚಾಮರಾಜೇಂದ್ರ ಒಡೆಯರೊಬ್ಬರದೇ ಹೆಸರು. ಈಗ ಅಲ್ಲಿ ಮೋಟಾರು ಬಿಡಿಭಾಗಗಳ ಅಂಗಡಿಗಳ ಸಂತೆ. ಅಲ್ಲಿಯೇ ಹಿಂದೆ ಕೆ. ವಿ. ಅಯ್ಯರ್ ಅವರ ಹರ್ಕ್ಯುಲಿಸ್ ವ್ಯಾಯಾಮಶಾಲೆ ಇದ್ದದ್ದು.

ಕೋಲಾರದ ಕಡೆಯವರಾದ ವೆಂಕಟೇಶ ಅಯ್ಯರ್ ಹುಟ್ಟಿದ್ದು 1897ರಲ್ಲಿ, ತೀರಿಕೊಂಡದ್ದು 1980ರಲ್ಲಿ. ಕನ್ನಡದ ಓದುಗರು ಅವರನ್ನು ಹೊಯ್ಸಳರ ರಾಣಿಯ ಕಥೆಯಾದ ‘ಶಾಂತಲಾ’ದ ಲೇಖಕರೆಂದು, ‘ರೂಪದರ್ಶಿ’ಯ ಕರ್ತೃವೆಂದು ನೆನೆಯುತ್ತಾರೆ, ಕೈಲಾಸಂ ಅವರ ಒಡನಾಡಿಯೆಂದೂ ಬಲ್ಲರು. ಮೈ ಬೆಳೆದರೆ ಬುದ್ಧಿ ಬೆಳೆಯದೆಂಬ ನಮ್ಮ ಅಜ್ಜಂದಿರ ಮಾತಿಗೆ ಈ ಒಂದು ಜೀವವೇ ಸಾಕಾದ ಉತ್ತರ. ಆದರೆ ಅವರ ಕಾದಂಬರಿಗಳನ್ನು ಓದಿದವರಲ್ಲಿ ಎಷ್ಟೋ ಮಂದಿಗೆ, ಅದಕ್ಕೂ ಮೊದಲೇ ಅವರ ಹೆಸರೂ ಭಾವಚಿತ್ರವೂ ಇಂಗ್ಲೆಂಡಿನ ದೇಹದಾರ್ಢ್ಯ ಪತ್ರಿಕೆಗಳಲ್ಲಿ ಪ್ರಕಟವಾಗುತ್ತಿದ್ದವೆಂಬುದು ತಿಳಿಯದು.

ಆ ಕಾಲದ ಗಾಳಿಯೇ ಅಂಥದು. ಸ್ಯಾಂಡೋ ಎಂಬ ಹೆಸರಾಂತ ಬಲಶಾಲಿ 1904-05ರಲ್ಲಿ ಭಾರತವನ್ನು ಸುತ್ತಿ ಹೋಗಿದ್ದ. ಅವನ ಸ್ಪ್ರಿಂಗುಗಳೂ ಡಂಬೆಲ್ಲುಗಳೂ ಓದಿದವರ ಮನೆಗಳಿಗೆ ಬಂದಿದ್ದವು. ಔಂಧ ಸಂಸ್ಥಾನದ ರಾಜ ಭವಾನರಾವ್ ಪಂತ ಪ್ರತಿನಿಧಿಯವರು ವರ್ಷಗಟ್ಟಲೆ ಸ್ಯಾಂಡೋ ಪದ್ಧತಿಯನ್ನು ಅನುಸರಿಸಿ, ಆಮೇಲೆ ಅದನ್ನು ಬಿಟ್ಟು ಸೂರ್ಯನಮಸ್ಕಾರವನ್ನು ದೇಶಕ್ಕೆಲ್ಲ ಸಾರಲು ಹೊರಟರು. ಅಯ್ಯರ್ ಅವರ ರೀತಿ ಬೇರೆ. ಅವರು ಒಂದನ್ನು ಹಿಡಿಯಲು ಇನ್ನೊಂದನ್ನು ಬಿಡಲಿಲ್ಲ. ಬಾರ್‌ಬೆಲ್ಲು ಮೈಯ ಹೊರಗಟ್ಟನ್ನು ಕಟ್ಟುತ್ತದೆ, ಆಸನ ಒಳಗಿನ ಅಂಗಗಳನ್ನು ಕಾಪಾಡುತ್ತದೆ, ಎರಡೂ ಬೇಕು ಎಂಬುದು ಅವರ ನಿಲುವು. 1930ರಲ್ಲಿ ‘ಮಸಲ್ ಕಲ್ಟ್’ ಎಂಬ ಇಂಗ್ಲಿಷ್ ಪುಸ್ತಕವನ್ನು ಬರೆದವರೇ 1937ರಲ್ಲಿ ‘ಸೂರ್ಯನಮಸ್ಕಾರ’ದ ಮೇಲೂ ಬರೆದರು. ಯೋಗಾಚಾರ್ಯ ಸುಂದರಂ ಅವರೊಡನೆ ಊರೂರಿಗೆ ಹೋಗಿ ಇವರು ಸ್ನಾಯುಗಳನ್ನೂ ಅವರು ಆಸನಗಳನ್ನೂ ಪ್ರದರ್ಶಿಸುತ್ತಿದ್ದರು. ನಾಲ್ವಡಿ ಕೃಷ್ಣರಾಜ ಒಡೆಯರು ಅಯ್ಯರ್ ಅವರಿಗೆ ಶಿಷ್ಯರೂ ಆದರು, ಪೋಷಕರೂ ಆದರು. ಅದೇ ಮಹಾರಾಜರ ಆಶ್ರಯದಲ್ಲಿ 1933ರಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಕೃಷ್ಣಮಾಚಾರ್ಯರ ಯೋಗಶಾಲೆ ನಡೆಯತೊಡಗಿತು.

(ಹೆಸರಿನ ವಿಷಯ ಬಂದದ್ದರಿಂದ ಒಂದು ಮಾತು. 2016ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದ ಕ್ಯೂರ್‌ಫಿಟ್ ಸಂಸ್ಥೆಯ ವ್ಯಾಯಾಮಕೇಂದ್ರಗಳಿಗೆ ‘ಕಲ್ಟ್’ ಎಂದೇ ಹೆಸರು. ಎಂಬತ್ತಾರು ವರ್ಷಗಳ ಹಿಂದೆ ಇದೇ ಊರಿನಲ್ಲಿ ಒಬ್ಬರು ಆ ಪದವನ್ನು ಪುಸ್ತಕದ ಮೇಲೆ ಅಚ್ಚುಹಾಕಿಸಿದ್ದರೆಂಬುದು ಅವರ ಗಮನಕ್ಕೆ ಬಂದಿತ್ತೋ ಇಲ್ಲವೋ!)

ಅಯ್ಯರ್ ಅವರ ನಿಜವಾದ ಸಾಧನೆ ಇದ್ದದ್ದು ಅವರು ಯಾರಿಗೆ ಕಲಿಸಿದರು ಎಂಬುದರಲ್ಲಿ ಎಂದು ನನ್ನ ಭಾವನೆ. ಗರಡಿ ಪೈಲ್ವಾನನಿಗಾಗಿ ಇದ್ದ ಜಾಗ. ಅಯ್ಯರ್ ಅವರು ಕಚೇರಿಯ ಗುಮಾಸ್ತನನ್ನು, ಕಾಲೇಜಿನ ಬಡಕಲು ಹುಡುಗನನ್ನು ಕರೆದರು. ಬೆಂಗಳೂರಿಗೆ ಬರಲಾರದವರಿಗೆ ಅಂಚೆಯ ಮೂಲಕ ಪಾಠ ಕಳುಹಿಸಿದರು. ಅದಕ್ಕೆಂದೇ ಒಂದು ಪುಸ್ತಕವನ್ನೂ ತಂದರು. ಮುಂದೆ ಬ್ಯಾಂಕ್ ಆಫ್ ಇಂಡಿಯಾದ ಮುಖ್ಯಸ್ಥರಾಗಿ, ನಿವೃತ್ತಿಯ ನಂತರ ಅದ್ವೈತದ ಬೋಧಕರಾಗಿ ಹೆಸರಾದ ರಮೇಶ ಬಾಲ್ಸೇಕರ್ ತಾರುಣ್ಯದಲ್ಲಿ ಅವರ ಶಿಷ್ಯರಾಗಿದ್ದವರು. 1943ರಲ್ಲಿ ಅಯ್ಯರ್ ಅವರು ಹೊರತಂದ ಇನ್ನೊಂದು ಪುಸ್ತಕದ ವಿಷಯ, ವ್ಯಾಯಾಮ ಮಾಡುವಾಗ ದೇಹದೊಳಗೆ ಆಗುವ ರಾಸಾಯನಿಕ ಬದಲಾವಣೆಗಳು. ಕನ್ನಡಿಯ ಮುಂದೆ ನಿಂತು ತೋಳು ನೋಡಿಕೊಳ್ಳುವುದರಲ್ಲಿ ತೃಪ್ತಿಪಟ್ಟವರು ಅಂಥ ವಿಷಯಕ್ಕೆ ಕೈ ಹಾಕುತ್ತಿರಲಿಲ್ಲ.

ಇಷ್ಟು ಹಿಂದಿನದನ್ನು ನಾನು ಕೆದಕಲು ಗದೆಯೊಂದೇ ಕಾರಣವಲ್ಲ. ಬಿ.ಟಿ.ಎಂ. ಬಡಾವಣೆಯಲ್ಲಿರುವ ನನ್ನ ಅಕ್ಕನ ಮಗ, ಸಾಫ್ಟ್‌ವೇರ್ ಕೆಲಸದವನು, ವಯಸ್ಸು ಇಪ್ಪತ್ತೊಂಬತ್ತು, ಹತ್ತು ವರ್ಷದಿಂದ ಕುರ್ಚಿ ಬಿಟ್ಟೇಳದವನು, ಇಂಥದೇ ಒಂದು ವ್ಯಾಯಾಮಶಾಲೆಗೆ ಸೇರಿದ. ಎಲ್ಲಿ ಎಂಬುದು ಬೇಡ. ಮೊದಲ ದಿನವೇ ಗಡಿಯಾರದ ಎದುರು ನಿಲ್ಲಿಸಿ, ಪಕ್ಕದವರೊಡನೆ ಪಂತ ಕಟ್ಟಿಸಿ, ನೂರೈವತ್ತು ಬಸ್ಕಿಯನ್ನೂ, ಅದರ ಮೇಲೆ ಪೆಟ್ಟಿಗೆ ಹಾರುವುದನ್ನೂ ಮಾಡಿಸಿದರು. ಸುತ್ತಲಿನವರು ಕೂಗಿ ಹುರಿದುಂಬಿಸಿದರಂತೆ. ಮೂರನೆಯ ದಿನ ತೊಡೆಗಳು ಊದಿ ಮೆಟ್ಟಿಲು ಇಳಿಯಲಾರದಾದ. “ಮಾಮ, ಮೂತ್ರ ಕಾಫಿ ಡಿಕಾಕ್ಷನ್ ಹಾಗೆ ಬರ್ತಿದೆ,” ಎಂದು ರಾತ್ರಿ ಹನ್ನೊಂದಕ್ಕೆ ಫೋನು ಮಾಡಿದಾಗ ನನ್ನ ಕೈಕಾಲು ತಣ್ಣಗಾದವು. ನಾಲ್ಕು ದಿನ ಆಸ್ಪತ್ರೆಯಲ್ಲಿಟ್ಟು ಸಲೈನು ಕೊಟ್ಟರು. ಅಕ್ಕ ಆ ನಾಲ್ಕು ದಿನವೂ ಹಾಸಿಗೆಯ ಪಕ್ಕದ ಸ್ಟೂಲನ್ನು ಬಿಟ್ಟೇಳಲಿಲ್ಲ.

ವೈದ್ಯರು ರಾಬ್ಡೊಮಯೊಲಿಸಿಸ್ ಎಂದರು. ಅಭ್ಯಾಸವಿಲ್ಲದ ಸ್ನಾಯುವನ್ನು ಮಿತಿಮೀರಿ ದುಡಿಸಿದರೆ ಅದರ ಎಳೆಗಳು ಒಡೆದು, ಒಳಗಿನ ಪದಾರ್ಥ ರಕ್ತಕ್ಕೆ ಸೇರುತ್ತದೆ. ಅದನ್ನು ಸೋಸುವ ಭಾರ ಮೂತ್ರಪಿಂಡಗಳ ಮೇಲೆ ಬೀಳುತ್ತದೆ. ತಡವಾದರೆ ಮೂತ್ರಪಿಂಡವೇ ಕೈಕೊಡಬಹುದು. ಕ್ರಾಸ್‌ಫಿಟ್‌ನವರಲ್ಲಿ ಈ ರೋಗ ಎಷ್ಟು ಪರಿಚಿತವೆಂದರೆ, ಅದಕ್ಕೆ ‘ರಾಬ್ಡೋ’ ಎಂದು ಮೊಟಕಿನ ಹೆಸರಿಟ್ಟು, ಕೋಡಂಗಿಯ ಚಿತ್ರ ಬರೆದು ನಗೆಯಾಡಿದ್ದರು. ನನಗೆ ಮಾತ್ರ ನಗು ಬರಲಿಲ್ಲ.

ಹಾಗೆಂದು ತೀವ್ರ ವ್ಯಾಯಾಮವೇ ಕೆಟ್ಟದ್ದೆಂದು ಹೇಳುವುದು ಅನ್ಯಾಯ. ಜಪಾನಿನ ಇಜುಮಿ ತಬಾತ ಅವರು 1996ರಲ್ಲಿ ಪ್ರಕಟಿಸಿದ ಪ್ರಯೋಗ ಈ ಪದ್ಧತಿಗೆ ಆಧಾರ: ಇಪ್ಪತ್ತು ಸೆಕೆಂಡು ಸರ್ವಶಕ್ತಿಯಿಂದ ದುಡಿಮೆ, ಹತ್ತು ಸೆಕೆಂಡು ವಿರಾಮ, ಹೀಗೆ ಏಳೆಂಟು ಸುತ್ತು. ಆರು ವಾರಗಳಲ್ಲಿ ಉಸಿರಿನ ಶಕ್ತಿಯೂ ಸ್ನಾಯುವಿನ ಶಕ್ತಿಯೂ ಎರಡೂ ಏರಿದವು. ಆದರೆ ಅವರು ಪರೀಕ್ಷಿಸಿದ್ದು ಕ್ರೀಡೆಯಲ್ಲಿ ಪಳಗಿದ ತರುಣರನ್ನು, ಕುರ್ಚಿಯಿಂದೆದ್ದು ಬಂದವರನ್ನಲ್ಲ. ನೆಲಕ್ಕೆ ಬಿದ್ದು ನೆಗೆದೇಳುವ ‘ಬರ್ಪಿ’ಯ ಕಥೆಯೂ ಅಷ್ಟೆ. 1930ರ ದಶಕದಲ್ಲಿ ನ್ಯೂಯಾರ್ಕಿನ ರಾಯಲ್ ಬರ್ಪಿ ಅದರ ಮೂಲರೂಪವನ್ನು ಕಲ್ಪಿಸಿದ್ದು ಒಬ್ಬನ ದೇಹಸ್ಥಿತಿಯನ್ನು ಅಳೆಯುವುದಕ್ಕೆ. ನಾಲ್ಕು ಸಲ ಮಾಡಿಸಿ ನಾಡಿ ನೋಡುವುದಕ್ಕೆ. ಅಳತೆಗೋಲನ್ನೇ ದೊಣ್ಣೆ ಮಾಡಿಕೊಂಡವರು ನಂತರದವರು.

ಈ ಅಳತೆಯ ವಿಚಾರದಲ್ಲಿ ನಮ್ಮ ವೈದ್ಯಗ್ರಂಥಗಳು ಬಹು ಸ್ಪಷ್ಟ. ಸುಶ್ರುತನೂ ವಾಗ್ಭಟನೂ ವ್ಯಾಯಾಮವನ್ನು ಅರ್ಧಶಕ್ತಿಯಷ್ಟೇ ಮಾಡಬೇಕೆನ್ನುತ್ತಾರೆ. ಅದೂ ಬಲವುಳ್ಳವರಿಗೆ, ಜಿಡ್ಡಿನ ಆಹಾರ ಉಣ್ಣುವವರಿಗೆ, ಚಳಿಗಾಲ ವಸಂತಗಳಲ್ಲಿ. ಉಳಿದ ಕಾಲದಲ್ಲಿ ಇನ್ನೂ ಕಡಿಮೆ. ಅರ್ಧಶಕ್ತಿ ಎಂದರೆ ಎಷ್ಟು? ಉಸಿರು ಮೂಗನ್ನು ಬಿಟ್ಟು ಬಾಯಿಗೆ ಬರತೊಡಗುವವರೆಗೆ ಎಂದು ಸುಶ್ರುತ ಗುರುತು ಹೇಳುತ್ತಾನೆ. ವ್ಯಾಯಾಮ ಮಾಡುತ್ತ ಮಾತಾಡಲು ಆಗುತ್ತದೆಯೇ ನೋಡಿ ಎಂದು ಈಗಿನ ವೈದ್ಯರು ಹೇಳುವುದು ಅದಕ್ಕೆ ಬಹಳ ಹತ್ತಿರದ ಮಾತು. ಪೈಲ್ವಾನರು ಈ ಗೆರೆಯಲ್ಲಿಯೇ ನಿಂತರೆಂದು ನಾನು ಹೇಳುವುದಿಲ್ಲ. ಸಾವಿರ ಬಸ್ಕಿಯ ಕೀರ್ತಿ ಅವರಲ್ಲೂ ಇತ್ತು. ಸಾವಿರಕ್ಕೆ ಮುಟ್ಟಲು ಅವರು ತೆಗೆದುಕೊಂಡದ್ದು ವರ್ಷಗಳನ್ನು, ನಲವತ್ತು ನಿಮಿಷವನ್ನಲ್ಲ.

ಭಯವೂ ಇದೇ ಊರಿನಲ್ಲಿ ಒಮ್ಮೆ ಮಿತಿಮೀರಿತ್ತು. 2021ರ ಅಕ್ಟೋಬರ್ 29ರಂದು, ಬೆಳಗಿನ ವ್ಯಾಯಾಮದ ಬಳಿಕ ಅಸ್ವಸ್ಥರಾಗಿ, ನಲವತ್ತಾರು ವರ್ಷದ ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ ತೀರಿಕೊಂಡಾಗ, ಜಯನಗರದ ಅಂಚಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಎದೆ ಪರೀಕ್ಷೆಗೆ ಬಂದ ತರುಣರ ಸಾಲು ಬೆಳೆಯಿತು. ಅವರ ಸಾವಿಗೆ ವ್ಯಾಯಾಮವೇ ಕಾರಣವೆನ್ನಲು ಆಧಾರವಿಲ್ಲ. ವ್ಯಾಯಾಮ ಬಿಡಿ ಎಂದು ವೈದ್ಯರೂ ಹೇಳಲಿಲ್ಲ; ಮಿತಿ ತಿಳಿದು, ಪರೀಕ್ಷಿಸಿಕೊಂಡು ಮಾಡಿ ಎಂದರು. ಆಸ್ಪತ್ರೆಯಲ್ಲಿ ನನ್ನ ಅಕ್ಕ “ಅವನನ್ನು ಇನ್ನು ಆ ಕಡೆ ಕಳಿಸೋದೇ ಇಲ್ಲ” ಎಂದು ಹಟ ಹಿಡಿದಾಗ ನಾನು ನೆನಪಿಸಿದ್ದು ಇದನ್ನೇ. ಹತ್ತು ವರ್ಷದ ಕುರ್ಚಿಯೂ ಅವನಿಗೆ ಹಿತ ಮಾಡಿರಲಿಲ್ಲ.

ಇನ್ನು ಆಹಾರ. ಹುಡುಗನ ಮನೆಯಲ್ಲಿ ಎರಡು ಕಿಲೋ ತೂಕದ ಪ್ರೋಟೀನ್ ಪುಡಿಯ ಡಬ್ಬ ಕಂಡಿತು. ಅದರ ಮೇಲಿನ ಬೆಲೆಯನ್ನು ಓದಿ ನಾನು ಕನ್ನಡಕ ಒರೆಸಿಕೊಂಡೆ. ಗಿಣ್ಣಿನಂತಹ ಚೀಸ್ ಮಾಡಿದ ಮೇಲೆ ಉಳಿಯುವ ಹಾಲಿನ ತಿಳಿನೀರನ್ನು ಒಣಗಿಸಿದ್ದೇ ಈ ಪುಡಿ. ಅದು ವಿಷವಲ್ಲ, ಒಳ್ಳೆಯ ಆಹಾರವೇ. ಆದರೆ ಅದಿಲ್ಲದೆ ಮೈ ಕಟ್ಟಲಾಗದೆಂಬ ನಂಬಿಕೆ ಎಲ್ಲಿಂದ ಬಂತೋ ತಿಳಿಯದು. ಗರಡಿಯವರು ಹಾಲು, ತುಪ್ಪ, ಬಾದಾಮಿ, ನೆನೆಸಿದ ಕಡಲೆಗಳನ್ನು ನೆಚ್ಚಿದವರು. ಅದಕ್ಕಿಂತ ಹೆಚ್ಚಿನದು, ಪ್ರೋಟೀನ್ ಪುಡಿಯನ್ನೇ ನಮ್ಮ ರಾಜ್ಯದಲ್ಲಿ ಬಡವರಿಗಾಗಿ ತಯಾರಿಸಿದ್ದುಂಟು. 1950ರಲ್ಲಿ ಮೈಸೂರಿನ ಚೆಲುವಾಂಬ ವಿಲಾಸದಲ್ಲಿ ಆರಂಭವಾದ ಕೇಂದ್ರ ಆಹಾರ ಸಂಶೋಧನಾಲಯದಲ್ಲಿ, ಮೊದಲ ನಿರ್ದೇಶಕರಾದ ಡಾ. ವಿ. ಸುಬ್ರಹ್ಮಣ್ಯನ್ ಅವರ ಕಾಲದಲ್ಲಿ, ಎಣ್ಣೆ ತೆಗೆದ ಕಡಲೆಕಾಯಿಯ ಹಿಟ್ಟು 75 ಭಾಗ, ಕಡಲೆಹಿಟ್ಟು 25 ಭಾಗ ಸೇರಿಸಿ, ಅದಕ್ಕೆ ಜೀವಸತ್ವಗಳನ್ನೂ ಸುಣ್ಣದ ಅಂಶವನ್ನೂ ಕೂಡಿಸಿ ‘ಮಲ್ಟಿಪರ್ಪಸ್ ಫುಡ್’ ಎಂಬುದನ್ನು ಸಿದ್ಧಪಡಿಸಿದರು. ಅದರ ತೂಕದಲ್ಲಿ ನೂರಕ್ಕೆ ನಲವತ್ತರಷ್ಟು ಪ್ರೋಟೀನ್. ಮಕ್ಕಳ ಅಪೌಷ್ಟಿಕತೆಗೆಂದು ಮಾಡಿದ್ದು ಅದು, ಪೈಲ್ವಾನರಿಗಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿ 2020ರಲ್ಲಿ ಹೇಳಿದ ಪ್ರಕಾರ ಸಾಮಾನ್ಯನಿಗೆ ದಿನಕ್ಕೆ ಮೈತೂಕದ ಪ್ರತಿ ಕಿಲೋಗೆ 0.83 ಗ್ರಾಂ ಪ್ರೋಟೀನ್ ಸಾಕು. ಅರವತ್ತು ಕಿಲೋದವನಿಗೆ ಐವತ್ತು ಗ್ರಾಂ. ಭಾರ ಎತ್ತುವವನಿಗೆ ಇನ್ನಷ್ಟು ಬೇಕು, ಅದರ ಎರಡರಷ್ಟರ ಹತ್ತಿರ ಎಂದಿಟ್ಟುಕೊಳ್ಳೋಣ. ಬಸವನಗುಡಿಯ ಪರಿಷೆಯಲ್ಲಿ ಸೇರುಗಟ್ಟಲೆ ಸುರಿಯುವ ಕಡಲೆಕಾಯಿಯ ನೂರು ಗ್ರಾಂ ಬೀಜದಲ್ಲಿ ಇಪ್ಪತ್ತೈದು ಗ್ರಾಂ ಇದೆ, ಹುರುಳಿಯಲ್ಲಿ ಇಪ್ಪತ್ತೆರಡು, ಒಂದು ಮೊಟ್ಟೆಯಲ್ಲಿ ಆರು. ರಾಗಿಯಲ್ಲಿ ಏಳರಷ್ಟೇ, ಅದರ ಹೆಚ್ಚುಗಾರಿಕೆ ಸುಣ್ಣದಂಶದಲ್ಲಿ. ನಮ್ಮ ಇಡ್ಲಿ, ಚಿತ್ರಾನ್ನಗಳ ಊಟದಲ್ಲಿ ಪ್ರೋಟೀನ್ ಕೊರತೆ ಇದೆ ಎಂದು ಆ ಶಿಕ್ಷಕರು ಹೇಳುವುದು ಸುಳ್ಳಲ್ಲ. ತಟ್ಟೆಯನ್ನು ಬದಲಿಸುವ ಮೊದಲೇ ಡಬ್ಬವನ್ನು ಮಾರುವುದಷ್ಟೇ ನನಗೆ ಸರಿಬಾರದ್ದು.

ಎರಡು ತಿಂಗಳ ಮೇಲೆ ವೈದ್ಯರು ಹುಡುಗನಿಗೆ ಮೆಲ್ಲಗೆ ಆರಂಭಿಸಲು ಒಪ್ಪಿಗೆ ಕೊಟ್ಟರು. ಈಗ ಭಾನುವಾರ ಬೆಳಗ್ಗೆ ಅವನು ನಮ್ಮ ಮನೆಗೆ ಬರುತ್ತಾನೆ. ಅಕ್ಕನೂ ಬರುತ್ತಾಳೆ, ಮೇಲ್ವಿಚಾರಣೆಗೆ. ತಾರಸಿಯ ಮೇಲೆ ಅವನು ಬಸ್ಕಿ ತೆಗೆಯುವುದು, ನಾನು ಎಣಿಸುವುದು, ನಡುನಡುವೆ ಅವನ ಆಫೀಸಿನ ಸಮಾಚಾರ ಕೇಳುವುದು. ಉತ್ತರ ತಡವರಿಸಿದರೆ ಎಣಿಕೆ ನಿಲ್ಲುತ್ತದೆ. ಹೋದ ವಾರ ಹದಿನೆಂಟರ ತನಕ ಬಾಸನ್ನು ಬೈಯುತ್ತಲೇ ಬಂದವನು, ಇಪ್ಪತ್ತಕ್ಕೆ ಸುಮ್ಮನಾದ.

“ಮಾಮ, ಇನ್ನೊಂದೈದು?” ಎಂದ, ಸ್ವಲ್ಪ ತಡೆದು.

“ಕಾಫಿ ಆರ್ತಿದೆ, ಕೆಳಗೆ ಬನ್ರೋ,” ಎಂದು ಅಕ್ಕ ಮೆಟ್ಟಿಲ ಬಳಿಯಿಂದ ಕೂಗಿದಳು.